ಹಿರಿಯರಿಗೆ ಏಕವಚನ

“ಮೈ ಫಾದರ್ ಆರ್ ಎ ಫಾರ್ಮರ್” ಎಂದು ಇಡೀ ಕೋಣೆ ಒಂದೇ ದನಿಯಲ್ಲಿ ಹೇಳಿದಾಗ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಹೇಳಿದವರು ಮಕ್ಕಳಾಗಿದ್ದರೆ ಕಿವಿ ಹಿಂಡಬಹುದಿತ್ತು. ಎದುರಿಗೆ ಕೂತವರೆಲ್ಲ ಮೇಷ್ಟ್ರುಗಳು, ಟೀಚರುಗಳು. ಅರ್ಧಕ್ಕರ್ಧ ಜನ ನನಗಿಂತ ಹಿರಿಯರು. ಕೊನೆಯ ಬೆಂಚಿನಲ್ಲಿದ್ದ ಒಬ್ಬ ಟೀಚರಂತೂ ನಾನು ಸ್ಲೇಟು ಹಿಡಿದ ಕಾಲಕ್ಕೇ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವರು.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ಆದೇಶವಾದ ವರ್ಷ ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಪ್ರಾಥಮಿಕ ಶಿಕ್ಷಕರನ್ನು ಬೇಸಿಗೆ ರಜೆಯ ಕೊನೆಗೆ ಕೊಪ್ಪದಲ್ಲಿ ಸೇರಿಸಿ ತರಬೇತಿ ಕೊಡುವ ಕೆಲಸ ಹೈಸ್ಕೂಲಿನ ಇಂಗ್ಲಿಷ್ ಟೀಚರಾದ ನನ್ನ ತಲೆಗೆ ಬಂತು. ಆದೇಶದ ಪ್ರಕಾರ ನಾನು ‘ಸಂಪನ್ಮೂಲ ವ್ಯಕ್ತಿ’. ಸಂಪನ್ಮೂಲವೆಂದರೆ ಒಂದು ಕೈಪಿಡಿ, ಒಂದಿಷ್ಟು ಚಾರ್ಟು ಹಾಳೆ, ಅರ್ಧ ಒಣಗಿದ ಸ್ಕೆಚ್ ಪೆನ್ನು. ಕೈಪಿಡಿಯ ಮೊದಲ ಪಾಠವೇ ಏಕವಚನ, ಬಹುವಚನ. ಒಂದಿದ್ದರೆ ‘ಈಸ್’, ಒಂದಕ್ಕಿಂತ ಹೆಚ್ಚಿದ್ದರೆ ‘ಆರ್’. ಅರ್ಧ ದಿನದಲ್ಲಿ ಇದನ್ನು ಮುಗಿಸಿ ಮುಂದೆ ಹೋಗಿ ಎಂದು ಅಂಚಿನಲ್ಲಿ ಸೂಚನೆಯೂ ಇತ್ತು. ಅದನ್ನು ಬರೆದವರು ನಮ್ಮ ಕಡೆಯ ಒಬ್ಬರೇ ಒಬ್ಬ ಮೇಷ್ಟ್ರನ್ನೂ ಮಾತಾಡಿಸಿಲ್ಲ ಎಂದು ನನಗೆ ಎರಡನೆಯ ದಿನ ಮನವರಿಕೆಯಾಯಿತು.

ಸುಮ್ಮನೆ ಬಿಡುವ ಸ್ವಭಾವ ನನ್ನದಲ್ಲ. ಚಾರ್ಟಿನ ಮೇಲೆ ನಡುವೆ ಉದ್ದ ಗೆರೆ ಎಳೆದು ಎಡಕ್ಕೆ ಒಂಟಿಗಳನ್ನೂ ಬಲಕ್ಕೆ ಗುಂಪುಗಳನ್ನೂ ಬರೆದೆ. ಎಲ್ಲರನ್ನೂ ಕಾಡುವ ಎಸ್ ಅಕ್ಷರವನ್ನು ಮೊದಲು ಹಿಡಿದೆ. ಹುಡುಗರು ಹಲವರಾದರೆ ಎಸ್ ಹುಡುಗರ ಹಿಂದೆ ಬರುತ್ತದೆ, ‘ಬಾಯ್ಸ್ ಪ್ಲೇ’. ಹುಡುಗ ಒಬ್ಬನಾದರೆ ಅದು ಆಟದ ಹಿಂದೆ ಹೋಗಿ ಕೂರುತ್ತದೆ, ‘ಬಾಯ್ ಪ್ಲೇಸ್’. “ಇಬ್ಬರ ಮಧ್ಯೆ ಒಂದೇ ಕೊಡೆ ಅಂದ್ಕೊಳ್ಳಿ. ಒಬ್ಬರು ಹಿಡಿದರೆ ಇನ್ನೊಬ್ಬರಿಗಿಲ್ಲ” ಎಂದೆ. ಕೊಡೆಯ ಲೆಕ್ಕ ನಮ್ಮವರಿಗೆ ತಟ್ಟನೆ ಹಿಡಿಯಿತು. ನಾಯಿ, ದನ, ಬಸ್ಸು, ಹುಡುಗ ಎಲ್ಲವೂ ಸರಿಯಾದವು. ನಾನು ಒಳಗೊಳಗೇ ಬೀಗಿದೆ. ಮಾರನೆಯ ಬೆಳಿಗ್ಗೆ ವಾಕ್ಯದೊಳಗೆ ಅಪ್ಪ ಬಂದರು, ಹಿಂದೆಯೇ ‘ಆರ್’ ಬಂತು. ಅಜ್ಜ ಬಂದರು, ಮತ್ತೆ ‘ಆರ್’. ಹೆಡ್‌ಮೇಷ್ಟ್ರು ಬಂದರು, ಆಗಲೂ ಅದೇ ಕತೆ.

ಇನ್ನೊಂದು ಕಡೆ ನೋಡಿದರೆ ಮೇಜಿನ ಮೇಲೆ ಹತ್ತು ಕಲ್ಲು ಇಟ್ಟರೂ ‘ಟೆನ್ ಸ್ಟೋನ್ ಈಸ್’ ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಹತ್ತು ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ಹತ್ತು ಕಲ್ಲುಗಳು ಎಂದು ಯಾರೂ ಮನೆಯಲ್ಲಿ ಹೇಳುವುದಿಲ್ಲ. ಒಬ್ಬ ಅಜ್ಜ ಮಾತ್ರ ಹತ್ತು ಜನರಷ್ಟು ಆಗುತ್ತಾರೆ. ನಮ್ಮಲ್ಲಿ ಬಹುವಚನ ಇರುವುದೇ ಮರ್ಯಾದೆಗೆ, ಎಣಿಕೆಗೆ ಅದರ ಗೊಡವೆಯಿಲ್ಲ.

ನರಸಿಂಹರಾಜಪುರದ ಕಡೆಯ ಒಬ್ಬ ಮೇಷ್ಟ್ರು ಇದ್ದರು, ತರಬೇತಿಯ ನಗೆಗಾರ. ಅವರು ಎದ್ದು, “ಎಂತ ಮಾಡದು ಮಾರಾಯ್ರೆ, ಬಾಯಿ ಹಂಗೇ ತಿರುಗ್ತದೆ. ಹೆಡ್‌ಮೇಷ್ಟ್ರಿಗೆ ‘ಈಸ್’ ಹಾಕಿದ್ದು ಅವರ ಕಿವಿಗೆ ಬಿದ್ರೆ ನಂಗೆ ನಾಳೆ ರಜೆ ಕೊಡ್ತಾರನಾ?” ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಮಧ್ಯಾಹ್ನವಿಡೀ ‘ಫಾದರ್ ಈಸ್, ಟೀಚರ್ ಈಸ್’ ಎಂದು ಬಾಯಿಪಾಠ ಹೊಡೆಸಿದೆ. ಅದರ ಫಲ ಏನಾಯಿತೆಂದರೆ, ಅಲ್ಲಿಯ ತನಕ ಸರಿಯಾಗಿದ್ದ ‘ಚಿಲ್ಡ್ರನ್ ಆರ್’ ಕೂಡ ‘ಚಿಲ್ಡ್ರನ್ ಈಸ್’ ಆಯಿತು. ಇದ್ದ ಒಂದು ಕಣ್ಣಿಗೂ ಮಣ್ಣು ಹಾಕಿಕೊಂಡಂತಾಯಿತು ನನ್ನ ಪಾಠ.

ಅಷ್ಟು ಹೊತ್ತೂ ಕೊನೆಯ ಬೆಂಚಿನ ಹಿರಿಯ ಟೀಚರು ಬಾಯಿ ಬಿಟ್ಟಿರಲಿಲ್ಲ. ನಾನು ಅವರನ್ನೇ ಎಬ್ಬಿಸಿ, ಹೇಳಿ ಎಂದೆ. ಅವರು ಎದ್ದು ನಿಂತರು, ಸೆರಗು ಸರಿಮಾಡಿಕೊಂಡರು.

“ಮೇಡಂ, ನಂಗೆ ಬಾಯಿ ಬರಲ್ಲ ಅಂತಲ್ಲ. ಮನಸ್ಸು ಬರಲ್ಲ. ಹಿರಿಯರನ್ನ ಏಕವಚನದಲ್ಲಿ ಮಾತಾಡಿಸ್ಬಾರ್ದು ಅಂತ ಇಷ್ಟು ವರ್ಷ ಮಕ್ಕಳಿಗೆ ಬೈದು ಬೈದು ಹೇಳಿಕೊಟ್ಟವಳು ನಾನು. ಈಗ ನಾನೇ ನಿಂತ್ಕಂಡು, ಅಜ್ಜಂಗೆ ಏಕವಚನ ಹೇಳಿ ಮಕ್ಕಳೇ ಅಂತ ಕಲಿಸದಾ?”

ಯಾರೂ ನಗಲಿಲ್ಲ. ಎಲ್ಲರ ಹೊಟ್ಟೆಯಲ್ಲಿದ್ದದ್ದನ್ನೇ ಅವರು ಹೇಳಿದ್ದರು. ‘ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಎಂದರೆ ನಮ್ಮಲ್ಲಿ ಅದು ಜಗಳಕ್ಕೆ ಸಾಕಾಗುವ ಕಾರಣ. ಅಂಥದ್ದನ್ನು ನಾನು ಬೋರ್ಡಿನ ಮೇಲೆ ಬರೆದು ಕಲಿಯಿರಿ ಎನ್ನುತ್ತಿದ್ದೆ.

ಚಹಾದ ಹೊತ್ತಿನಲ್ಲಿ ಅವರ ಪಕ್ಕ ಹೋಗಿ ಕೂತೆ. ಆಗ ಅವರ ನಿಜವಾದ ತೊಂದರೆ ತಿಳಿಯಿತು. ಕಿಗ್ಗದಿಂದ ಮುಂದೆ, ಕಾಡಿನ ಅಂಚಿನಲ್ಲಿ ಅವರದು ಒಬ್ಬರೇ ಟೀಚರಿರುವ ಶಾಲೆ. ಇರುವುದೇ ಬೆರಳೆಣಿಕೆಯ ಮಕ್ಕಳು. ಶೃಂಗೇರಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಈ ವರ್ಷದಿಂದ ಅವರ ಊರಿನ ಮೋರಿ ಸೇತುವೆಯ ತನಕ ಬರಲಿದೆ. ಒಂದನೇ ತರಗತಿಗೆ ಸೇರಬೇಕಾದ ಮಕ್ಕಳ ಪೋಷಕರು ಒಂದು ಮಾತು ಹೇಳಿ ಕಳಿಸಿದ್ದರು. ಶಾಲೆ ಶುರುವಾದ ವಾರ ಟೀಚರ ಇಂಗ್ಲಿಷ್ ಪಾಠ ನೋಡುತ್ತಾರೆ. ಒಪ್ಪಿಗೆಯಾದರೆ ಮಕ್ಕಳು ಅಲ್ಲೇ, ಇಲ್ಲದಿದ್ದರೆ ವ್ಯಾನಿಗೆ. ಆ ಮಕ್ಕಳು ಹೋದರೆ ಶಾಲೆಗೆ ಬೀಗ ಬೀಳುವುದು ಖಂಡಿತ. ವ್ಯಾನಿಗೆ ದುಡ್ಡು ಕೊಡುವ ಶಕ್ತಿ ಇಲ್ಲದ ಮನೆಗಳ ಮಕ್ಕಳು ಕಾಡುದಾರಿಯಲ್ಲಿ ಇನ್ನೊಂದು ಊರಿಗೆ ನಡೆಯಬೇಕು.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಮೇಡಂ?” ಎಂದರು. “ನನ್ನ ನಾಲಿಗೆ ಮೇಲೆ ಒಂದು ಶಾಲೆ ನಿಂತದೆ ನೋಡಿ.”

ಸಂಜೆ ಇಬ್ಬರೂ ಒಂದೇ ಬಸ್ಸು. ನಾನು ಶೃಂಗೇರಿಯಲ್ಲಿ ಇಳಿಯುವವಳು, ಅವರು ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುವವರು. ಬಸ್ಸು ಪೇಟೆಗೆ ಹೊರಳಿದಾಗ ಅವರು ಗುಡಿಯಿದ್ದ ದಿಕ್ಕಿಗೆ ಕೈ ಮುಗಿದು, “ತಾಯೀ, ನೀನೇ ದಾರಿ ತೋರಿಸ್ಬೇಕು ಕಣಮ್ಮಾ” ಎಂದರು.

ನಾನು ಅವರ ಮುಖವನ್ನೇ ನೋಡಿದೆ. “ಟೀಚರ್, ಈಗ ಎಂತ ಹೇಳಿದ್ರಿ?”

“ಎಂತ ಹೇಳಿದೆ? ದೇವರಿಗೆ ಕೈ ಮುಗಿದೆ.”

“ನೀನು ಅಂದ್ರಿ. ನೀವು ಅನ್ನಲಿಲ್ಲ.”

ಅವರು ಜೋರಾಗಿ ನಕ್ಕುಬಿಟ್ಟರು. ಕಂಡಕ್ಟರು ತಿರುಗಿ ನೋಡಿದ.

ಮರುದಿನ ಕೈಪಿಡಿಯನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ ಒಂದು ಪ್ರಶ್ನೆ ಬರೆದೆ: ನಿಮ್ಮ ಮನೆಯಲ್ಲಿ ಏಕವಚನ ಯಾರಿಗೆ? ತಮ್ಮನಿಗೆ, ತಂಗಿಗೆ, ದನಕ್ಕೆ, ನಾಯಿಗೆ ಎಂದು ಒಬ್ಬೊಬ್ಬರಾಗಿ ಹೇಳಿದರು. ಅಷ್ಟೇನಾ ಎಂದೆ. ನರಸಿಂಹರಾಜಪುರದ ಮೇಷ್ಟ್ರು ತಲೆ ಕೆರೆದುಕೊಂಡು, “ಅಮ್ಮಂಗೆ” ಎಂದರು. ಅಪ್ಪ ಬಂದರು, ಅಮ್ಮ ಬಂದಳು. ಹೌದಲ್ಲ ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಮೈ ಮದರ್ ಈಸ್’ ಎನ್ನುವಾಗ ಆ ಕೋಣೆಯಲ್ಲಿ ಒಬ್ಬರೂ ಎಡವಿರಲಿಲ್ಲ ಎಂಬುದು ಆಗ ನನಗೂ ಹೊಳೆಯಿತು. ಆಮೇಲೆ ಹಿರಿಯ ಟೀಚರು ಎದ್ದು, “ದೇವರಿಗೆ” ಎಂದರು.

“ಹಂಗಾದ್ರೆ ಅಮ್ಮಂಗೂ ದೇವರಿಗೂ ಮರ್ಯಾದೆ ಇಲ್ಲನಾ?” ಎಂದು ಮೇಷ್ಟ್ರು ಕೆಣಕಿದರು.

“ಅದು ಸಲಿಗೆ ಮಾರಾಯ್ರೆ. ಕೈ ಮುಗಿದೇ ಹೇಳದಲ್ಲನಾ ದೇವರಿಗೆ? ಮರ್ಯಾದೆ ಎಲ್ಲಾ ಕೈಯಲ್ಲೇ ಇರ್ತದೆ” ಎಂದು ಹಿರಿಯ ಟೀಚರು ಎರಡೂ ಕೈ ಜೋಡಿಸಿ ತೋರಿಸಿದರು.

ಆ ಜೋಡಿಸಿದ ಕೈ ನೋಡಿದ್ದೇ ತಡ, ನನಗೆ ಇಡೀ ಪಾಠ ಕಣ್ಣೆದುರು ಬಂತು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ನನ್ನ ಕೆಲಸದಲ್ಲಿ ಅಷ್ಟು ಚೆಂದದ ಗಳಿಗೆ ಇನ್ನೊಂದಿಲ್ಲ. ಒಂದು ವಸ್ತುವಿಗೆ ಒಂದು ಅಂಗೈ ಮುಂದೆ ಚಾಚಿ ‘ಈಸ್’. ಹಲವು ವಸ್ತುಗಳಿಗೆ ಎರಡೂ ಅಂಗೈ ಅಗಲಿಸಿ ‘ಆರ್’. ಹಿರಿಯರು ಒಬ್ಬರಿದ್ದರೆ ಆ ಎರಡು ಅಂಗೈ ಸೇರಿ ಒಂದಾಗಬೇಕು, ಬಾಯಿ ‘ಈಸ್’ ಅನ್ನಬೇಕು. ಹಿರಿಯರು ಹಲವರಿದ್ದರೆ ಮೊದಲು ಕೈ ಮುಗಿದು, ಆಮೇಲೆ ಅಂಗೈ ಅಗಲಿಸಿ ‘ಆರ್’. ಲೆಕ್ಕ ಬಾಯಿಗೆ, ಮರ್ಯಾದೆ ಕೈಗೆ.

ಬೆಂಚು ಪಕ್ಕಕ್ಕೆ ಸರಿಸಿ ಎಲ್ಲರನ್ನೂ ವೃತ್ತದಲ್ಲಿ ನಿಲ್ಲಿಸಿದೆ. ಮೊದಲು ಕಲ್ಲು, ಬಳಪ, ಕೊಡೆ. ನಂತರ ಹುಡುಗ, ಹುಡುಗಿ. ಕೊನೆಗೆ ಅಪ್ಪ, ಅಜ್ಜ, ಹೆಡ್‌ಮೇಷ್ಟ್ರು. ಕೈ ಮೊದಲು ಬರಬೇಕು, ಮಾತು ಆಮೇಲೆ ಎಂಬುದೊಂದೇ ನಿಯಮ. ತಪ್ಪಿದರೆ ನಾನು ಬಾಯಿ ತಿದ್ದುತ್ತಿರಲಿಲ್ಲ, ಕೈ ತೋರಿಸುತ್ತಿದ್ದೆ. ಸಂಜೆಗೆ ಹಿರಿಯ ಟೀಚರು ಕೈ ಮುಗಿದು, “ಮೈ ಫಾದರ್ ಈಸ್ ಎ ಫಾರ್ಮರ್” ಎಂದರು. ಮನಸ್ಸು ಬಾರದ ಮಾತು ಬಾಯಿಗೆ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ತರಬೇತಿಯ ಕೊನೆಯ ದಿನ ಜಿಲ್ಲೆಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ವೃತ್ತದಲ್ಲಿ ನಿಂತು ಕೈ ಮುಗಿಯುತ್ತಿದ್ದ ಶಿಕ್ಷಕರನ್ನು ನೋಡಿ ಬಾಗಿಲಲ್ಲೇ ನಿಂತರು.

“ಏನಮ್ಮಾ ಇದು, ಇಂಗ್ಲಿಷ್ ಕ್ಲಾಸೋ ಭಜನಾ ಮಂಡಳಿಯೋ?”

ನಾನು ವಿವರಿಸಿದೆ. ಅವರು ಅರ್ಧಕ್ಕೇ ತಡೆದು, ಕೈಪಿಡಿಯಲ್ಲಿ ಇಲ್ಲದ್ದನ್ನು ಯಾವ ಶಾಲೆಯಲ್ಲೂ ಮಾಡಕೂಡದು, ಮಾಡಿದರೆ ವಿವರಣೆ ಕೇಳಬೇಕಾಗುತ್ತದೆ ಎಂದು ಎಲ್ಲರೆದುರು ಹೇಳಿದರು. ಅವರು ಅಂಗಳಕ್ಕೆ ಇಳಿದದ್ದೇ ಹಿರಿಯ ಟೀಚರು ನನ್ನ ಹತ್ತಿರ ಬಂದರು.

“ಬಿಡಿ ಮೇಡಂ. ರಿಟೈರಾಗೋ ಹೊತ್ತಲ್ಲಿ ನಂಗೆ ನೋಟಿಸು ಬೇಡ. ಕೈಪಿಡಿಯಲ್ಲಿ ಇದ್ದಂಗೇ ಓದಿಬಿಡ್ತೀನಿ.”

“ಓದ್ತೀರಿ. ಅಜ್ಜ ಎದುರಿಗೆ ಕೂತಿದ್ರೆ ಬಾಯಿಗೆ ಎಂತ ಬರ್ತದೆ?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಕೈ ಇಲ್ಲದೆ ಅವರ ಬಾಯಿ ಬರುವುದಿಲ್ಲ, ಬಾಯಿ ಬರದಿದ್ದರೆ ಶಾಲೆ ಉಳಿಯುವುದಿಲ್ಲ. ನಾನು ಅಲ್ಲೇ ತೀರ್ಮಾನಿಸಿದೆ. ಜೀಪು ಹತ್ತುತ್ತಿದ್ದ ಅಧಿಕಾರಿಯ ಹತ್ತಿರ ಹೋಗಿ, “ಸರ್, ಕಿಗ್ಗದ ಕಡೆಯ ಶಾಲೆಯಲ್ಲಿ ಪೋಷಕರ ಮುಂದೆ ಈ ಪಾಠ ಆಗ್ತದೆ. ಪಾಠ ನನ್ನದು. ವಿವರಣೆ ಕೇಳೋದಿದ್ರೆ ನನ್ನನ್ನು ಕೇಳಿ, ಟೀಚರನ್ನಲ್ಲ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆಮೇಲೆ ನೋಡೋಣ” ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡರು. ಹಿರಿಯ ಟೀಚರಿಗೆ ಹೇಳಿದೆ, ಆ ದಿನ ನಿಮ್ಮ ಕೋಣೆಯಲ್ಲಿ ನಾನೂ ಇರುತ್ತೇನೆ ಎಂದು.

ಆ ದಿನ ರಜೆ ಹಾಕಿ ಹೋದೆ. ಶಾಲೆಯೆಂದರೆ ಒಂದು ದೊಡ್ಡ ಕೋಣೆ, ಒಂದು ಜಗಲಿ. ಹಿಂಭಾಗದ ಬೆಂಚುಗಳಲ್ಲಿ ಪೋಷಕರು ಸಾಲಾಗಿ ಕೂತಿದ್ದರು. ಮಧ್ಯದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಗದ್ದೆ ತೋಟ ಮಾಡಿಕೊಂಡಿದ್ದ ಹಿರಿಯರು. ಅವರು ಎತ್ತ ವಾಲುತ್ತಾರೋ ಊರು ಅತ್ತ. ಅವರ ಮೊಮ್ಮಗಳೂ ಒಂದನೇ ತರಗತಿಗೆ ಬಂದವಳೇ. ಅವರ ಪಕ್ಕದಲ್ಲಿ ಕೈಕಟ್ಟಿ ಕೂತವನು ಒಬ್ಬ ಹುಡುಗನ ಅಪ್ಪ. ವ್ಯಾನಿನವರ ಜೊತೆ ಮಾತಾಡಿಟ್ಟವನು ಅವನೇ ಎಂದು ಟೀಚರು ಕಿವಿಯಲ್ಲಿ ಹೇಳಿದರು.

ನಾನು ಗೋಡೆಗೆ ಒರಗಿ ನಿಂತೆ. ಟೀಚರ ದನಿ ಮೊದಲು ನಡುಗಿತು. ಒಂದು ಕಲ್ಲು ಅಂಗೈಯಲ್ಲಿಟ್ಟು, “ದಿಸ್ ಈಸ್ ಎ ಸ್ಟೋನ್” ಎಂದರು. ಮಕ್ಕಳು ಒಂದೊಂದು ಅಂಗೈ ಚಾಚಿ ಹೇಳಿದರು. ಎರಡೂ ಅಂಗೈ ತುಂಬ ಕಲ್ಲು ತುಂಬಿಸಿ, “ದೀಸ್ ಆರ್ ಸ್ಟೋನ್ಸ್” ಎಂದರು. ಆ ಅಪ್ಪನ ಮಗ ಎರಡು ಕಲ್ಲಿಗೆ ‘ಈಸ್’ ಎಂದ. ಟೀಚರು ಬೈಯಲಿಲ್ಲ, ಅವನ ಇನ್ನೊಂದು ಕೈಯನ್ನೂ ಮೆಲ್ಲಗೆ ಬಿಡಿಸಿದರು. ಅವನು ತನ್ನ ಎರಡು ಕೈ ನೋಡಿಕೊಂಡು ತಾನೇ ತಿದ್ದಿಕೊಂಡ. ಆ ಹೊತ್ತಿಗೆ ಟೀಚರ ದನಿಯ ನಡುಕ ಹೋಗಿತ್ತು. ಅದು ಅವರ ಕೋಣೆ, ಅವರ ಮಕ್ಕಳು. ನಾನು ಇದ್ದೇನೆ ಎಂಬುದನ್ನೂ ಅವರು ಮರೆತಂತಿತ್ತು.

ಆಮೇಲೆ ಅಧ್ಯಕ್ಷರನ್ನು ಮುಂದೆ ಬರಲು ಕೇಳಿಕೊಂಡರು. ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿದರು.

ಕೂಸು ಅಜ್ಜನ ಮುಖ ನೋಡಿತು. ಎರಡೂ ಕೈ ಅಗಲಿಸಿತು. ಈಗ ‘ಆರ್’ ಬರುತ್ತದೆ, ಮುಗಿಯಿತು ಕತೆ ಎಂದುಕೊಂಡೆ. ಟೀಚರು ಹೇಳಿಕೊಡಲಿಲ್ಲ, ಕೈಯನ್ನೂ ತೋರಿಸಲಿಲ್ಲ, ಕಾದರು. ಅಷ್ಟು ಜನರೆದುರು ಹಾಗೆ ಕಾಯುವುದು ನನ್ನಿಂದಂತೂ ಆಗುತ್ತಿರಲಿಲ್ಲ. ಕೂಸು ತನ್ನ ಅಗಲಿಸಿದ ಅಂಗೈಗಳನ್ನು ನೋಡಿತು, ಮತ್ತೆ ಅಜ್ಜನನ್ನು ನೋಡಿತು, ಮೆಲ್ಲಗೆ ಕೈ ಜೋಡಿಸಿತು.

“ಹೀ ಈಸ್ ಮೈ ಗ್ರ್ಯಾಂಡ್‌ಫಾದರ್.”

ಅಜ್ಜ ತಬ್ಬಿಬ್ಬಾದರು. ಎದುರಿಗೆ ಯಾರು ಕೈ ಮುಗಿದರೂ ತಿರುಗಿ ಮುಗಿಯುವುದು ಅಭ್ಯಾಸ. ಮೊಣಕಾಲೆತ್ತರದ ಮೊಮ್ಮಗಳಿಗೆ ಅವರೂ ಕೈ ಮುಗಿದು ನಿಂತರು. ಯಾರೋ ನಗಲು ಹೋಗಿ ನಿಲ್ಲಿಸಿದರು.

ಕೈಕಟ್ಟಿ ಕೂತಿದ್ದ ಅಪ್ಪ ಎದ್ದ. “ಪಾಠ ಏನೋ ಚೆಂದಾಗಿತ್ತು ಟೀಚರೇ. ಆದ್ರೆ ಪೇಟೆ ಶಾಲೆಯಲ್ಲಿ ಇಂಗ್ಲಿಷ್ ಹೇಳುವಾಗ ಕೈ ಗೀ ಮುಗಿಸ್ತಾರನಾ?”

“ಇಲ್ಲಪ್ಪ. ಅಲ್ಲಿ ಬರೀ ಇಂಗ್ಲಿಷ್ ಸಿಗ್ತದೆ. ಇದು ಬೇಕಂದ್ರೆ ಇಲ್ಲಿಗೇ ಬರ್ಬೇಕು” ಎಂದರು ಟೀಚರು.

ಅಧ್ಯಕ್ಷರು ಮೊಮ್ಮಗಳ ತಲೆ ಸವರಿ ಚಪ್ಪಲಿ ಮೆಟ್ಟಿ ಹೊರಟರು, ಉಳಿದವರೂ ಅವರ ಹಿಂದೆ ಹೋದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. ಟೀಚರು ನನ್ನನ್ನು ಮನೆಗೆ ಕರೆದೊಯ್ದು ಊಟಕ್ಕೆ ಬಡಿಸಿದರು. ವ್ಯಾನು ಮುಂದಿನ ಸೋಮವಾರ ಬರುವುದಿತ್ತು.

ಸೋಮವಾರ ಬೆಳಿಗ್ಗೆ ನಮ್ಮ ಹೈಸ್ಕೂಲಿನ ಆಫೀಸಿನಿಂದ ಜವಾನರು ಬಂದು, ನಿಮಗೆ ಫೋನಿದೆ ಎಂದರು. ಅಧಿಕಾರಿಯದೇ ಇರಬೇಕು, ವಿವರಣೆಗೆ ಏನು ಹೇಳಲಿ ಎಂದು ಯೋಚಿಸುತ್ತಲೇ ಹೋಗಿ ರಿಸೀವರ್ ಎತ್ತಿದೆ. ಅಧ್ಯಕ್ಷರ ಮನೆಯ ಫೋನಿನಿಂದ ಹಿರಿಯ ಟೀಚರು.

“ವ್ಯಾನು ಬಂತು ಮೇಡಂ. ಮೋರಿ ಹತ್ರ ನಿಂತು ಹಾರ್ನ್ ಹೊಡೀತು. ಸುಮಾರು ಹೊತ್ತು ಹೊಡೀತು.”

“ಆಮೇಲೆ?”

“ಆಮೇಲೆ ಎಂತ? ತಿರುಗಿಸ್ಕಂಡು ಹೋತು.”

“ಮಕ್ಕಳು?”

ಒಂದೊಂದೇ ಪದ ಅಳೆದು ಇಟ್ಟಂತೆ, ಯಾರೂ ಹೇಳದಿದ್ದರೂ ತಾವಾಗಿಯೇ, ಅವರು ಇಂಗ್ಲಿಷಿನಲ್ಲಿ ಹೇಳಿದರು:

“ಆಲ್ ದ ಚಿಲ್ಡ್ರನ್ ಆರ್ ಹಿಯರ್, ಮೇಡಂ.”

ಗುಮಾಸ್ತರು, ಜವಾನರು, ಹೆಡ್‌ಮೇಷ್ಟ್ರು ಎಲ್ಲ ನೋಡುತ್ತಿದ್ದಂತೆಯೇ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ನಾನು ಆ ಫೋನಿಗೆ ಕೈ ಮುಗಿದೆ.